ಹತ್ತು ನಿಮಿಷಕ್ಕೇ ಕಡಿದುಹೋಗುವ ಇಂಟರ್‌ನೆಟ್: ಮೋಡೆಮ್ ಬಿಡಿ, ತಂತಿ ನೋಡಿ

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ವಿಂಡೋಸ್ 98 ಇರುವ ಕಂಪ್ಯೂಟರ್, ಫೋನ್ ಲೈನಿನಲ್ಲೇ ಡಯಲ್ ಮಾಡಿ ಇಂಟರ್‌ನೆಟ್‌ಗೆ ಸೇರಿಸುವ, ಹೊರಗಡೆ ಇಡುವ 56ಕೆ ಮೋಡೆಮ್. ದಿನಾ ಸಂಜೆ ಎರಡು-ಮೂರು ಎಂಬಿಯಷ್ಟು ಪುಟಗಳನ್ನು ಶಿವಮೊಗ್ಗದ ಪ್ರೆಸ್ಸಿಗೆ ಈಮೇಲ್‌ನಲ್ಲಿ ಕಳಿಸಬೇಕು. ಸೆಕೆಂಡಿಗೆ 46,667 ಬಿಟ್ ಅಂತ ಸ್ಪೀಡ್ ತೋರಿಸಿ ಕನೆಕ್ಟ್ ಆಗುತ್ತದೆ. ಹತ್ತು-ಹನ್ನೆರಡು ನಿಮಿಷಕ್ಕೆ ಕಡಿದುಹೋಗುತ್ತದೆ. ಮಳೆ ಬಂದ ದಿನ ಇನ್ನೂ ಜಾಸ್ತಿ. ಕೆಲವು ಸಲ ಡಯಲ್ ಟೋನ್ ಇಲ್ಲ ಅಂತ 680ನೇ ಎರರ್ ಬರುತ್ತದೆ, ಆದರೆ ಫೋನ್ ಎತ್ತಿ ಕೇಳಿದರೆ ಟೋನ್ ಇದೆ. ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿಸಿದೆ. ಮೋಡೆಮ್ ಕೂಡ ಬೇರೆ ತಂದೆ. ಏನೂ ಬದಲಾಗಲಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ವಿಂಡೋಸ್ ಹೊಸದಾದರೂ ತೊಂದರೆ ಹಾಗೇ ಉಳಿಯಿತು, ಮೋಡೆಮ್ ಹೊಸದಾದರೂ ಹಾಗೇ ಉಳಿಯಿತು, ಮಳೆ ಬಂದರೆ ಜಾಸ್ತಿಯಾಯಿತು. ಮಳೆಯಲ್ಲಿ ನೆನೆಯುವುದು ನಿಮ್ಮ ವಿಂಡೋಸ್ ಅಲ್ಲ, ಅಲ್ವಾ? ತಂತಿ. ಆದ್ದರಿಂದ ದಯವಿಟ್ಟು ಮೂರನೇ ಸಲ ಫಾರ್ಮ್ಯಾಟ್ ಮಾಡಿಸಬೇಡಿ, ಇನ್ನೊಂದು ಮೋಡೆಮ್‌ಗೆ ದುಡ್ಡು ಹಾಕಬೇಡಿ. ಇದಕ್ಕೆ ಬೇಕಾಗಿರುವುದು ಒಂದು ಸಾದಾ ಫೋನ್, ಒಂದು ಸ್ಕ್ರೂ ಡ್ರೈವರ್, ಮತ್ತೆ ಒಂದು ಸಂಜೆ.

ಮೊದಲು ಮೋಡೆಮ್ ಮೇಲಿನ ದೀಪ ನೋಡುವುದನ್ನು ಕಲಿಯಿರಿ. ಹೊರಗೆ ಇಡುವ ಮೋಡೆಮ್ ಇರುವುದು ನಿಮ್ಮ ಪುಣ್ಯ, ಒಳಗೆ ಕೂರುವ ಕಾರ್ಡ್ ಆಗಿದ್ದರೆ ಈ ಸುಳಿವೇ ಸಿಗುತ್ತಿರಲಿಲ್ಲ. ಸಾಲಾಗಿ ಇರುವ ದೀಪಗಳಲ್ಲಿ ಎರಡು ನಮಗೆ ಮುಖ್ಯ. ಎಂಆರ್ ಅಂತ ಬರೆದಿರುವುದು ಮೋಡೆಮ್‌ಗೆ ಕರೆಂಟ್ ಇದೆ, ಅದು ಸಿದ್ಧವಾಗಿದೆ ಅಂತ. ಸಿಡಿ ಅಂತ ಬರೆದಿರುವುದು ಆ ಕಡೆಯ ಮೋಡೆಮ್ ಸಿಕ್ಕಿದೆ, ಮಾತು ನಡೆಯುತ್ತಿದೆ ಅಂತ. ಈಗ ಸಂಜೆ ಫೈಲ್ ಕಳಿಸುವಾಗ ಪರದೆ ಬಿಟ್ಟು ದೀಪಗಳ ಮೇಲೆ ಕಣ್ಣಿಡಿ. ಕಡಿದುಹೋಗುವ ಕ್ಷಣದಲ್ಲಿ ಬರೀ ಸಿಡಿ ಆರಿ ಎಂಆರ್ ಉರಿಯುತ್ತಲೇ ಇದ್ದರೆ ತಪ್ಪು ಬಹುತೇಕ ಫೋನ್ ಲೈನಿನಲ್ಲಿದೆ. ಎಲ್ಲ ದೀಪವೂ ಒಮ್ಮೆ ಮಿಣುಕಿ, ಮೋಡೆಮ್ ಈಗಷ್ಟೇ ಆನ್ ಮಾಡಿದ ಹಾಗೆ ಮತ್ತೆ ಹತ್ತಿಕೊಂಡರೆ ಅದು ಕರೆಂಟಿನ ತೊಂದರೆ.

ಈ ಎರಡನೆಯದನ್ನು ಯಾರೂ ಯೋಚಿಸುವುದೇ ಇಲ್ಲ. ಮಲೆನಾಡಿನ ಹಳ್ಳಿಗಳಲ್ಲಿ ಸಂಜೆ ಏಳು ಗಂಟೆಗೆ ಓಲ್ಟೇಜ್ ಎಷ್ಟು ಬೀಳುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ, ಟ್ಯೂಬ್‌ಲೈಟ್ ಹತ್ತುವುದೇ ಇಲ್ಲ. ಕಂಪ್ಯೂಟರ್ ಯುಪಿಎಸ್ ಮೇಲೆ ಇರುತ್ತದೆ, ಅದಕ್ಕೆ ಏನೂ ಆಗುವುದಿಲ್ಲ. ಆದರೆ ಮೋಡೆಮ್‌ನ ಪುಟ್ಟ ಅಡಾಪ್ಟರ್ ಯುಪಿಎಸ್‌ನ ಸಾಕೆಟ್‌ಗೆ ಕೂರುವುದಿಲ್ಲ ಅಂತ ಗೋಡೆಯ ಪ್ಲಗ್ಗಿಗೆ ಹಾಕಿರುತ್ತೇವೆ. ಆ ಕಡೆ ಯಾರೋ ಪಂಪ್ ಹಾಕಿದರು, ಓಲ್ಟೇಜ್ ಒಂದು ಕ್ಷಣ ಕುಸಿಯಿತು, ಮೋಡೆಮ್ ಸತ್ತು ಹುಟ್ಟಿತು, ನಿಮ್ಮ ಲೈನ್ ಕಡಿಯಿತು. ಕಂಪ್ಯೂಟರ್ ಸುಮ್ನೆ ಉರಿಯುತ್ತಲೇ ಇತ್ತು, ಹಾಗಾಗಿ ಕರೆಂಟಿನ ಮೇಲೆ ಅನುಮಾನವೇ ಬರಲಿಲ್ಲ. ದೀಪಗಳು ಹೀಗೆ ಹೇಳಿದರೆ ಅಡಾಪ್ಟರನ್ನು ಯುಪಿಎಸ್‌ಗೆ ಹಾಕಿ. ಅಷ್ಟೇ ರಿಪೇರಿ.

ಆದರೆ ಮಳೆಯ ಮಾತು ಹೇಳಿದ್ದೀರಲ್ಲ, ಅದರಿಂದ ನನಗೆ ಲೈನಿನ ಮೇಲೇ ಜಾಸ್ತಿ ಅನುಮಾನ. ಅದನ್ನು ಹೀಗೆ ಪರೀಕ್ಷೆ ಮಾಡಿ. ಮೋಡೆಮ್ ತೆಗೆಯಿರಿ, ಅದೇ ಲೈನಿಗೆ ಸೇರಿಸಿರುವ ಪ್ಯಾರಲಲ್ ಫೋನ್‌ಗಳನ್ನೆಲ್ಲ ತೆಗೆಯಿರಿ, ಕಾರ್ಡ್‌ಲೆಸ್ ಬೇಡ. ಕಂಬದಿಂದ ತಂತಿ ಮನೆಯೊಳಗೆ ಬಂದು ಮೊದಲು ಸೇರುವ ಡಬ್ಬಿ ಇರುತ್ತದಲ್ಲ, ಅಲ್ಲಿಗೆ ಒಂದು ಸಾದಾ ಫೋನ್ ಹಾಕಿ. ರಿಸೀವರ್ ಎತ್ತಿ ಯಾವುದಾದರೂ ಒಂದೇ ಒಂದು ಅಂಕಿ ಒತ್ತಿ. ಡಯಲ್ ಟೋನ್ ನಿಂತುಹೋಗಿ ಲೈನ್ ಸ್ವಲ್ಪ ಹೊತ್ತು ಮೌನವಾಗಿರುತ್ತದೆ. ಆ ಮೌನವನ್ನು ಕೇಳಿ. ಇದೇ ನಿಮ್ಮ ಲೈನಿನ ನಿಜವಾದ ಸ್ಥಿತಿ.

ಒಳ್ಳೆಯ ಲೈನಿನಲ್ಲಿ ಏನೂ ಕೇಳಿಸಬಾರದು. ಚಟಚಟ, ಕರಕರ ಅಂದರೆ ಎಲ್ಲೋ ಜಾಯಿಂಟ್ ಸಡಿಲವಾಗಿದೆ ಅಥವಾ ನೀರು ಸೇರಿ ಹಸಿರು ಹಿಡಿದಿದೆ. ಒಂದೇ ಸಮ ಗುಂಯ್ ಅಂದರೆ ತಂತಿ ಎಲ್ಲೋ ಭೂಮಿಗೆ ತಾಗುತ್ತಿದೆ, ಇಲ್ಲವೇ ಕರೆಂಟಿನ ವೈರ್ ಜೊತೆಗೇ ಓಡುತ್ತಿದೆ. ದೂರದಲ್ಲಿ ಬೇರೆ ಯಾರದೋ ಮಾತು ಸಣ್ಣದಾಗಿ ಕೇಳಿಸಿದರೆ ಕೇಬಲ್ಲಿನೊಳಗೇ ನೀರು ಹೋಗಿದೆ. ಹಾಗಾದರೆ ಅದು ನಿಮ್ಮ ಕೈಯಲ್ಲಿಲ್ಲ, ಲೈನ್‌ಮನ್ ಬರಬೇಕು. ಇದನ್ನು ಬಿಸಿಲಿರುವ ಮಧ್ಯಾಹ್ನ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ, ಸಂಜೆ ದೀಪ ಹಾಕಿದ ಮೇಲೆ ಒಮ್ಮೆ ಮಾಡಿ. ಮೂರೂ ಸಲ ಒಂದೇ ಥರ ಕೇಳಿಸುವುದಿಲ್ಲ ಅಂತ ನನ್ನ ಊಹೆ.

ನಾವು ಮಾತಾಡುವಾಗ ಈ ಚಟಚಟ ಏಕೆ ತೊಂದರೆ ಮಾಡುವುದಿಲ್ಲ ಅಂತ ಎಲ್ಲರೂ ಕೇಳುತ್ತಾರೆ. ಮನುಷ್ಯನ ಕಿವಿ ಬಹಳ ಉದಾರಿ. ಮಾತಿನ ಮಧ್ಯೆ ಒಂದು ಅಕ್ಷರ ಹಾರಿಹೋದರೂ ತುಂಬಿಕೊಳ್ಳುತ್ತದೆ. ಮೋಡೆಮ್ ಒಂದು ಸೆಕೆಂಡಿನಲ್ಲಿ ಸಾವಿರಾರು ಸಂಕೇತ ಕಳಿಸುತ್ತಿರುತ್ತದೆ, ಒಂದು ಚಟ್ ಅನ್ನುವ ಹೊತ್ತಿಗೆ ಎಷ್ಟೋ ಬಿಟ್ಟುಹೋಗಿರುತ್ತವೆ. ಹಾಳಾದ ತುಂಡನ್ನು ಮತ್ತೆ ಕೇಳಿ ತರಿಸಿಕೊಳ್ಳುವ ಏರ್ಪಾಟು ಅದರಲ್ಲಿದೆ. ತೀರಾ ಕೆಟ್ಟಾಗ ಎರಡೂ ಮೋಡೆಮ್‌ಗಳು ಕೆಲಸ ನಿಲ್ಲಿಸಿ ಲೈನನ್ನು ಹೊಸದಾಗಿ ಅಳೆದುಕೊಳ್ಳುತ್ತವೆ. ಆಗಲೇ ನಿಮ್ಮ ಪುಟ ಹತ್ತು ಸೆಕೆಂಡು ಅಲ್ಲಾಡದೆ ನಿಲ್ಲುವುದು. ಅಳತೆ ಮತ್ತೆ ಮತ್ತೆ ತಪ್ಪಿದರೆ ಫೋನ್ ಇಟ್ಟುಬಿಡುತ್ತವೆ.

ಈಗ ಆ ಡಬ್ಬಿಯಿಂದ ಒಳಕ್ಕೆ ಬನ್ನಿ. ಡಬ್ಬಿಯ ಹತ್ತಿರ ಲೈನ್ ಶುದ್ಧವಾಗಿದ್ದು ಮೋಡೆಮ್ ಇರುವ ಜಾಗದಲ್ಲಿ ಸದ್ದು ಬಂದರೆ ತಪ್ಪು ನಿಮ್ಮ ಮನೆಯೊಳಗಿದೆ, ಅದು ಸುಲಭ. ಡಬ್ಬಿ ಬಿಚ್ಚಿ ನೋಡಿ. ಇರುವೆ ಗೂಡು ಕಟ್ಟಿರುತ್ತದೆ, ಸ್ಕ್ರೂ ತುಕ್ಕು ಹಿಡಿದಿರುತ್ತದೆ. ತಂತಿಯ ತುದಿ ಕತ್ತರಿಸಿ ಹೊಸ ತಾಮ್ರ ಕಾಣುವಂತೆ ಮಾಡಿ ಬಿಗಿಯಿರಿ. ಆದರೆ ಇದನ್ನು ಬರಿಗೈಯಲ್ಲಿ, ಒದ್ದೆ ನೆಲದ ಮೇಲೆ ನಿಂತು ಮಾಡಬೇಡಿ. ಸುಮ್ಮನಿರುವಾಗ ಆ ತಂತಿಯಲ್ಲಿ 48 ಓಲ್ಟ್‌ನಷ್ಟೇ ಇರುತ್ತದೆ, ಆದರೆ ಅದೇ ಹೊತ್ತಿಗೆ ಯಾರಾದರೂ ಫೋನ್ ಮಾಡಿದರೆ ರಿಂಗಿನ ಓಲ್ಟೇಜ್ 75ರ ಮೇಲೆ ಹೋಗಿ ಚೆನ್ನಾಗೇ ಹೊಡೆಯುತ್ತದೆ. ಗುಡುಗು ಇರುವಾಗಂತೂ ಮುಟ್ಟಲೇಬೇಡಿ.

ನಮ್ಮ ಮನೆಯಲ್ಲೇ ಇದು ಆಗಿತ್ತು. ಅಡಿಗೆಮನೆಯಲ್ಲಿ ಮಿಕ್ಸಿ ಹಾಕಿದಾಗಲೆಲ್ಲ ಇಂಟರ್‌ನೆಟ್ ಕಡಿಯುತ್ತಿತ್ತು. ಹದಿನೈದು ದಿನ ಡ್ರೈವರ್, ಸೆಟ್ಟಿಂಗ್ ಅಂತ ತಲೆ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ಎಕ್ಸ್‌ಟೆನ್ಷನ್ ತಂತಿಯನ್ನು ಅಂದವಾಗಿ ಕಾಣಲಿ ಅಂತ ಕರೆಂಟಿನ ಪೈಪಿನೊಳಗೇ ಎಳೆದಿದ್ದರು, ಅದರ ಮಧ್ಯೆ ಎರಡು ತುಂಡು ತಂತಿಯನ್ನು ಬರೀ ತಿರುಚಿ ಟೇಪ್ ಸುತ್ತಿದ್ದರು. ಆ ತಂತಿ ಕಿತ್ತು, ಕಿಟಕಿಯ ಪಕ್ಕದಿಂದ ಜಾಯಿಂಟ್ ಇಲ್ಲದ ಒಂದೇ ತಂತಿ ಎಳೆದೆ. ಅವತ್ತಿನಿಂದ ಮಿಕ್ಸಿಗೂ ಮೋಡೆಮ್‌ಗೂ ಜಗಳ ಇಲ್ಲ. ನಿಮ್ಮ ಅಂಗಡಿಯಲ್ಲೂ ಫ್ಯಾನ್ ರೆಗ್ಯುಲೇಟರ್, ಹಳೆಯ ಟ್ಯೂಬ್‌ಲೈಟ್ ಚೋಕ್, ಸ್ಟೆಬಿಲೈಸರ್ ಇವುಗಳ ಪಕ್ಕದಲ್ಲಿ ಫೋನ್ ತಂತಿ ಹೋಗಿದೆಯಾ ನೋಡಿ. ಸಂಜೆ ಮಾತ್ರ ತೊಂದರೆ ಅಂದರೆ ಸಂಜೆ ಮಾತ್ರ ಹಾಕುವ ಸಾಮಾನು ಯಾವುದು ಅಂತ ಯೋಚಿಸಿ.

ಸಂಜೆಯ ಇನ್ನೊಂದು ಕಾರಣ ಪ್ಯಾರಲಲ್ ಫೋನ್. ಅಂಗಡಿಯ ಹಿಂದೆಯೇ ಮನೆ ಇದ್ದರೆ, ಅಲ್ಲಿ ಯಾರೋ ಫೋನ್ ಎತ್ತಿ ಕಿರ್ ಅಂತ ಕೇಳಿಸಿದ ತಕ್ಷಣ ಇಟ್ಟುಬಿಡುತ್ತಾರೆ. ಅವರಿಗೆ ಅದು ಒಂದು ಸೆಕೆಂಡು, ನಿಮಗೆ ಪೂರ್ತಿ ಫೈಲು ಹೋಯಿತು. ಕಾಲ್ ವೇಟಿಂಗ್ ಹಾಕಿಸಿದ್ದರೆ ಅದೂ ಹೀಗೇ, ಇನ್ನೊಂದು ಕರೆ ಬಂದಾಗಿನ ಬೀಪ್ ಶಬ್ದಕ್ಕೆ ಮೋಡೆಮ್ ಗಲಿಬಿಲಿಗೊಳ್ಳುತ್ತದೆ. ಎಕ್ಸ್‌ಚೇಂಜ್‌ಗೆ ಹೇಳಿ ತೆಗೆಸಿಬಿಡಿ.

ಡಬ್ಬಿಯ ಹತ್ತಿರವೇ ಸದ್ದು ಇದ್ದರೆ ಟೆಲಿಫೋನ್‌ನವರ ದೂರು ವಿಭಾಗಕ್ಕೆ ಫೋನ್ ಮಾಡಿ ದೂರು ಬರೆಸಿ. ಇಲ್ಲಿ ಒಂದು ಮಾತು ನೆನಪಿಡಿ. ಇಂಟರ್‌ನೆಟ್ ಕಡಿಯುತ್ತದೆ ಅಂತ ಹೇಳಬೇಡಿ. ಹಾಗೆ ಹೇಳಿದರೆ ಅದು ಕಂಪ್ಯೂಟರಿನ ವಿಷಯ ಅಂತ ಆಗಿಬಿಡುತ್ತದೆ. ಲೈನಿನಲ್ಲಿ ಕರಕರ ಸದ್ದು ಬರುತ್ತದೆ, ಮಳೆ ಬಂದರೆ ಜಾಸ್ತಿ ಅಂತ ಹೇಳಿ. ಅದು ನಿಜವೂ ಹೌದು, ಲೈನ್‌ಮನ್‌ಗೆ ಅರ್ಥವಾಗುವ ಮಾತೂ ಹೌದು. ಅವರು ಬಂದಾಗ ಜೊತೆಗೆ ಹೋಗಿ. ಕಂಬದ ಮೇಲೆ ಮನೆಮನೆಗೆ ತಂತಿ ಹಂಚುವ ಡಿಪಿ ಬಾಕ್ಸಿನ ಮುಚ್ಚಳ ಸರಿಯಾಗಿ ಕೂತಿದೆಯಾ, ಅಲ್ಲಿಂದ ನಿಮ್ಮ ಮನೆಗೆ ಬರುವ ತಂತಿ ಅಡಿಕೆ ಮರಕ್ಕೋ ಹಲಸಿನ ಕೊಂಬೆಗೋ ಉಜ್ಜಿ ಸಿಪ್ಪೆ ಸುಲಿದಿದೆಯಾ ಅಂತ ತೋರಿಸಿ. ಈ ಮಳೆಯಲ್ಲಿ ಕಂಬ ಹತ್ತುವವರ ಕೆಲಸ ಸುಲಭದ್ದಲ್ಲ. ಯಾವ ಜಾಗ ಅಂತ ನೀವೇ ಹುಡುಕಿ ಕೊಟ್ಟರೆ ಖುಷಿಯಿಂದ ಹೊಸ ತಂತಿ ಹಾಕಿಕೊಡುವ ಲೈನ್‌ಮನ್‌ಗಳನ್ನು ನಾನು ನೋಡಿದ್ದೇನೆ.

680ರ ವಿಷಯಕ್ಕೆ ಬರೋಣ. ಟೋನ್ ಇದ್ದೂ ಮೋಡೆಮ್ ಇಲ್ಲ ಅನ್ನುವುದು ಏಕೆ? ಲೈನ್ ಒದ್ದೆಯಾಗಿದ್ದರೆ ಟೋನ್ ತಡವಾಗಿ ಬರುತ್ತದೆ, ಸಣ್ಣದಾಗಿ ಬರುತ್ತದೆ. ನೀವು ರಿಸೀವರ್ ಹಿಡಿದು ತಾಳ್ಮೆಯಿಂದ ಕಾಯುತ್ತೀರಿ, ಮೋಡೆಮ್ ಕೆಲವೇ ಸೆಕೆಂಡು ಕಾದು ಕೈಬಿಡುತ್ತದೆ. ಇನ್ನೊಂದು ಕಾರಣ, ಲೈನ್ ಕಡಿದ ತಕ್ಷಣ ಮತ್ತೆ ಡಯಲ್ ಮಾಡುವುದು. ಎಕ್ಸ್‌ಚೇಂಜ್ ಹಳೆಯ ಕರೆಯನ್ನು ಇನ್ನೂ ಬಿಟ್ಟಿರುವುದಿಲ್ಲ. ಕಡಿದ ಮೇಲೆ ಅರ್ಧ ನಿಮಿಷ ಕಾಯಿರಿ. ಮೋಡೆಮ್ ಹಿಂದೆ ಲೈನ್, ಫೋನ್ ಅಂತ ಎರಡು ತೂತು ಇರುತ್ತವಲ್ಲ, ಗೋಡೆಯಿಂದ ಬಂದ ತಂತಿ ಲೈನ್ ಅನ್ನುವುದಕ್ಕೇ ಹೋಗಿದೆಯಾ ಅಂತಲೂ ಒಮ್ಮೆ ನೋಡಿ. ಇಷ್ಟಾದರೂ 680 ಬಂದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮೋಡೆಮ್ಸ್ ತೆರೆದು, ಪ್ರಾಪರ್ಟೀಸ್, ಅಲ್ಲಿ ಕನೆಕ್ಷನ್, ಅದರಲ್ಲಿ ‘ಡಯಲ್ ಟೋನ್‌ಗೆ ಕಾಯಿ’ ಅನ್ನುವ ಟಿಕ್ ತೆಗೆಯಿರಿ. ಆಗ ಮೋಡೆಮ್ ಟೋನ್ ಕೇಳದೆಯೇ ನಂಬರ್ ಒತ್ತುತ್ತದೆ. ಇದು ತಾತ್ಕಾಲಿಕ ಉಪಾಯ, ಲೈನ್ ಸರಿಯಾದ ಮೇಲೆ ಟಿಕ್ ವಾಪಸ್ ಹಾಕಿ.

ಬೇರೆ ಎರರ್‌ಗಳನ್ನು ಇದರ ಜೊತೆ ಬೆರೆಸಿಕೊಳ್ಳಬೇಡಿ. 676 ಅಂದರೆ ಆ ಕಡೆ ಬ್ಯುಸಿ, 678 ಅಂದರೆ ಆ ಕಡೆಯಿಂದ ಉತ್ತರ ಬರಲಿಲ್ಲ, 691 ಅಂದರೆ ಹೆಸರು ಅಥವಾ ಪಾಸ್‌ವರ್ಡ್ ತಪ್ಪು. ಇವಕ್ಕೆ ತಂತಿ ಹುಡುಕುವುದು ವ್ಯರ್ಥ.

ಈಗ ನಿಮ್ಮ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಮಾತು. ನೀವು ಫೈಲ್ ಕಳಿಸುವವರು. ತರಿಸಿಕೊಳ್ಳುವುದು ಕಡಿಮೆ. 56ಕೆ ಅನ್ನುವುದು ತರಿಸಿಕೊಳ್ಳುವ ದಿಕ್ಕಿಗೆ ಮಾತ್ರ. ವಿ.90 ಅನ್ನುವ ಈ ಪದ್ಧತಿಯಲ್ಲಿ ನಿಮ್ಮ ಕಡೆಯಿಂದ ಹೋಗುವ ವೇಗ ಹೆಚ್ಚೆಂದರೆ 33,600 ಅಷ್ಟೇ. ಪರದೆಯ ಮೂಲೆಯಲ್ಲಿ 46,667 ಅಂತ ತೋರಿಸುವುದು ಬರುವ ವೇಗ, ನಿಮ್ಮ ಪುಟಗಳು ಅದರಲ್ಲಿ ಹೋಗುತ್ತಲೇ ಇಲ್ಲ.

ಕಾರಣ ಹೀಗಿದೆ. ಎಕ್ಸ್‌ಚೇಂಜ್ ನಮ್ಮ ದನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಒಂದೊಂದು ಅಳತೆಗೆ 8 ಬಿಟ್‌ನಂತೆ, 64,000 ಬಿಟ್ ಮಾಡಿ ಮುಂದೆ ಕಳಿಸುತ್ತದೆ. ಇಂಟರ್‌ನೆಟ್ ಕೊಡುವವರ ಕಡೆ ಮೊದಲೇ ಎಲ್ಲ ಡಿಜಿಟಲ್ ಆಗಿರುವುದರಿಂದ ಅವರಿಂದ ನಿಮಗೆ ಬರುವಾಗ ಕೊನೆಯ ತುಂಡು ತಂತಿಯಲ್ಲಿ ಮಾತ್ರ ಅನಲಾಗ್, ಅಂದರೆ ಅಂಕಿಗಳ ಬದಲು ಏರಿಳಿಯುವ ಅಲೆ, ಆಗುತ್ತದೆ, ಆದ್ದರಿಂದ ಅಷ್ಟು ವೇಗ ಸಾಧ್ಯ. ನಿಮ್ಮಿಂದ ಹೋಗುವಾಗ ಅನಲಾಗನ್ನು ಅಳೆದು ಡಿಜಿಟಲ್ ಮಾಡಬೇಕು, ಅಳತೆಯಲ್ಲಿ ಸ್ವಲ್ಪ ನಷ್ಟವಾಗುತ್ತದೆ, ವೇಗ ಇಳಿಯುತ್ತದೆ. ಹಳ್ಳಿಗಳಲ್ಲಿ ಈಗ ಡಿಜಿಟಲ್ ಎಕ್ಸ್‌ಚೇಂಜ್ ಇರುವುದರಿಂದಲೇ ನಿಮಗೆ 46,667 ಸಿಗುತ್ತಿರುವುದು. ಹಳ್ಳಿಗಳಿಗೆಂದೇ ಕೇಂದ್ರ ಸರ್ಕಾರದ ಟೆಲಿಫೋನ್ ತಂತ್ರಜ್ಞಾನ ಸಂಸ್ಥೆಯಾದ ಸಿ-ಡಾಟ್‌ನವರು ಮಾಡಿದ 128 ಲೈನಿನ ಡಿಜಿಟಲ್ ಎಕ್ಸ್‌ಚೇಂಜ್ ಮೊದಲು ಶುರುವಾದದ್ದು ನಮ್ಮ ಕಿತ್ತೂರಿನಲ್ಲೇ, 1986ರಲ್ಲಿ. ನನಗೆ ಅದರ ಬಗ್ಗೆ ಹೆಮ್ಮೆ ಇದೆ, ಅದಕ್ಕೇ ಹೇಳಿದೆ.

ಆದರೆ ಈ ವಿ.90 ಬಹಳ ನಾಜೂಕು. ಲೈನಿನಲ್ಲಿ ಸ್ವಲ್ಪ ಸದ್ದು ಬಂದರೂ ತಡೆಯುವುದಿಲ್ಲ. ಹಿಂದಿನ ವಿ.34 ಪದ್ಧತಿ ಗಟ್ಟಿ, ಸದ್ದಿನಲ್ಲೂ ವೇಗ ಇಳಿಸಿಕೊಂಡು ಎಳೆದುಕೊಂಡು ಹೋಗುತ್ತದೆ. ನೀವು ಕಳಿಸುವವರಾದ್ದರಿಂದ ವಿ.90 ಬಿಟ್ಟು ವಿ.34ಕ್ಕೆ ಇಳಿದರೆ ನಿಮಗೆ ನಷ್ಟವೇ ಇಲ್ಲ. ಕಡಿಯದೆ ನಿಲ್ಲುವುದೇ ಲಾಭ.

ಅದನ್ನು ಮಾಡುವುದು ಹೀಗೆ. ಆಗ ಹೇಳಿದ ಕನೆಕ್ಷನ್ ಪುಟದಲ್ಲೇ ಅಡ್ವಾನ್ಸ್ಡ್ ಒತ್ತಿದರೆ ಎಕ್ಸ್‌ಟ್ರಾ ಸೆಟ್ಟಿಂಗ್ಸ್ ಅಂತ ಒಂದು ಖಾಲಿ ಜಾಗ ಇದೆ. ಅಲ್ಲಿ +ಎಂಎಸ್=ವಿ34 ಅಂತ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆಯಿರಿ, ಮೋಡೆಮ್ ಆಜ್ಞೆಗಳ ಮೊದಲಿಗೆ ಬರೆಯುವ ಎಟಿ ಇಲ್ಲಿ ಬೇಕಿಲ್ಲ. ರಾಕ್‌ವೆಲ್ ಚಿಪ್ ಇರುವ ಹಳೆಯ ಮೋಡೆಮ್ ಆದರೆ ವಿ34 ಬದಲು 11 ಅಂತ ಹಾಕಬೇಕು. ಲೂಸೆಂಟ್ ಚಿಪ್ ಆದರೆ ಎಸ್38=0. ಯಾವ ಚಿಪ್ ಅಂತ ಗೊತ್ತಿಲ್ಲದಿದ್ದರೆ ಅದೇ ಮೋಡೆಮ್ಸ್ ಕಿಟಕಿಯಲ್ಲಿ ಡಯಾಗ್ನಾಸ್ಟಿಕ್ಸ್‌ಗೆ ಹೋಗಿ, ಮೋಡೆಮ್ ಇರುವ ಪೋರ್ಟ್ ಆರಿಸಿ, ಮೋರ್ ಇನ್ಫೋ ಒತ್ತಿ. ಬರುವ ಉತ್ತರಗಳಲ್ಲಿ ಸಾಮಾನ್ಯವಾಗಿ ಹೆಸರು ಸಿಗುತ್ತದೆ. ಇನ್ನು ಅದೇ ಸಾಲಿನಲ್ಲಿ, ಅದಕ್ಕಿಂತ ಮೊದಲು, ಎಸ್10=50 ಕೂಡ ಸೇರಿಸಿ. ಆ ಕಡೆಯ ಸದ್ದು ಒಂದು ಕ್ಷಣ ಕಾಣದಾದರೂ ಮೋಡೆಮ್ ತಕ್ಷಣ ಫೋನ್ ಇಡದೆ ಐದು ಸೆಕೆಂಡು ಕಾಯಲಿ ಅಂತ ಅದರ ಅರ್ಥ. ಬಹಳಷ್ಟು ಮೋಡೆಮ್‌ಗಳು ಮೊದಲಿನಿಂದ ಒಂದೂವರೆ ಸೆಕೆಂಡೂ ಕಾಯುವುದಿಲ್ಲ.

ಇನ್ನೊಮ್ಮೆ ಕನೆಕ್ಟ್ ಆದಾಗ 31,200 ಅಥವಾ 28,800 ಅಂತ ತೋರಿಸಬೇಕು. ಗಾಬರಿಯಾಗಬೇಡಿ, ಹಾಗೆ ತೋರಿಸಿದರೆ ನೀವು ಮಾಡಿದ್ದು ಸರಿಯಾಯಿತು. 1,15,200 ಅಂತ ತೋರಿಸಿದರೆ ಅದು ಕಂಪ್ಯೂಟರಿಗೂ ಮೋಡೆಮ್‌ಗೂ ನಡುವಿನ ಕೇಬಲ್ಲಿನ ವೇಗ, ಲೈನಿನದ್ದಲ್ಲ.

ಕೊನೆಯದಾಗಿ ಫೈಲಿನ ಲೆಕ್ಕ. ಈಮೇಲ್‌ಗೆ ಅಂಟಿಸಿದ ಫೈಲ್ ಮೂರನೇ ಒಂದು ಭಾಗದಷ್ಟು ಉಬ್ಬುತ್ತದೆ, ಏಕೆಂದರೆ ಅದನ್ನು ಬರೀ ಅಕ್ಷರಗಳಾಗಿ ಬದಲಾಯಿಸಿ ಕಳಿಸುತ್ತಾರೆ. ನಿಮ್ಮ 3 ಎಂಬಿ ಹೋಗುವಾಗ 4 ಎಂಬಿ. ಅದು 28,800ರಲ್ಲಿ ಹೋಗಲು ಸುಮಾರು 20 ನಿಮಿಷ ಬೇಕು. ನಿಮ್ಮ ಲೈನ್ ನಿಲ್ಲುವುದು ಹತ್ತು-ಹನ್ನೆರಡು ನಿಮಿಷ. ಕಡಿದರೆ ಈಮೇಲ್ ಮತ್ತೆ ಮೊದಲಿನಿಂದ ಶುರು. ಹಾಗಾಗಿ ನೀವು ಎಷ್ಟು ಸಲ ಪ್ರಯತ್ನ ಮಾಡಿದರೂ ದೊಡ್ಡ ಫೈಲ್ ದಡ ಮುಟ್ಟುವುದೇ ಇಲ್ಲ. ಲೈನ್ ಸರಿಯಾಗುವವರೆಗೆ ಪುಟಗಳನ್ನು ಒಂದೇ ಕಟ್ಟಾಗಿ ಕಳಿಸಬೇಡಿ. ಒಂದೊಂದು ಪುಟ ಒಂದೊಂದು ಈಮೇಲ್. ಒಂದೇ ಪುಟ ದೊಡ್ಡದಿದ್ದರೆ ಫೈಲ್ ಒತ್ತಿ ತುಂಡು ಮಾಡುವ ವಿನ್‌ರಾರ್ ಪ್ರೋಗ್ರಾಮ್‌ನಲ್ಲಿ 700 ಕೆಬಿಯ ತುಂಡು ಮಾಡಿ, ಪ್ರೆಸ್ಸಿನವರಲ್ಲೂ ವಿನ್‌ರಾರ್ ಇದ್ದರೆ ತೆಗೆದ ಕೂಡಲೇ ಸೇರಿಕೊಳ್ಳುತ್ತದೆ. ಅಂಥ ಒಂದು ತುಂಡು ನಾಲ್ಕೂವರೆ-ಐದು ನಿಮಿಷದಲ್ಲಿ ಹೋಗುತ್ತದೆ, ಕಡಿದರೂ ಹೋಗುವುದು ಒಂದು ತುಂಡು ಮಾತ್ರ. ಪ್ರೆಸ್ಸಿನವರು ಎಫ್‌ಟಿಪಿ ಜಾಗ, ಅಂದರೆ ಈಮೇಲ್ ಇಲ್ಲದೆ ಫೈಲನ್ನು ನೇರವಾಗಿ ಇಡುವ ಜಾಗ, ಕೊಡುವುದಾದರೆ ಇನ್ನೂ ಒಳ್ಳೆಯದು. ಅಲ್ಲಿ ಫೈಲ್ ಉಬ್ಬುವುದಿಲ್ಲ, ನಿಂತ ಜಾಗದಿಂದ ಮುಂದುವರಿಸಲೂಬಹುದು.

ಇವತ್ತು ಸಂಜೆ ದೀಪ ನೋಡಿ, ಎಕ್ಸ್‌ಟ್ರಾ ಸೆಟ್ಟಿಂಗ್ಸ್ ಬರೆದು ಪುಟಗಳನ್ನು ತುಂಡು ತುಂಡಾಗಿ ಕಳಿಸಿ. ನಾಳೆ ಮಳೆ ನಿಂತ ಹೊತ್ತಿನಲ್ಲಿ ಡಬ್ಬಿಯ ಹತ್ತಿರ ಲೈನ್ ಕೇಳಿ. ಅದೇ ಅಡ್ವಾನ್ಸ್ಡ್ ಪುಟದಲ್ಲಿ ಅಪೆಂಡ್ ಟು ಲಾಗ್ ಅಂತ ಒಂದು ಟಿಕ್ ಇದೆ, ಅದನ್ನೂ ಹಾಕಿಡಿ, ಮೋಡೆಮ್ ಮಾಡಿದ್ದೆಲ್ಲ ಒಂದು ಫೈಲಿನಲ್ಲಿ ದಾಖಲಾಗುತ್ತದೆ. ಇಷ್ಟಾದ ಮೇಲೂ ಕಡಿದರೆ ಆ ಲಾಗಿನ ಕೊನೆಯ ಇಪ್ಪತ್ತು ಸಾಲು, ಕಡಿಯುವಾಗ ಯಾವ ದೀಪ ಆರಿತು, ಫೋನಿನಲ್ಲಿ ಯಾವ ಥರದ ಸದ್ದು ಕೇಳಿಸಿತು ಅಂತ ಬರೆದು ಕಳಿಸಿ, ಮುಂದೆ ನೋಡೋಣ.